ಮುತ್ತಕ್ಕನ ಕಾಲು, ಮುತ್ತಕ್ಕನ ಸೊಂಟ

ಎಲ್ಲ ಮಕ್ಕಳೂ ತಲೆ ಮುಂದೆ ಮಾಡಿ ಈ ಲೋಕವನ್ನು ಇಣುಕಿದರೆ, ನಾವುಂದದ ಕಡಲ ದಂಡೆಯ, ಊರವರ ಮಾತಿನಲ್ಲಿ ಕಡಲ ಕರೆಯ, ಮುತ್ತು ಮಾತ್ರ ಕಾಲು ಮುಂದೆ ಮಾಡಿ ಬಂದವಳು. ಹೆರಿಗೆ ಮಾಡಿಸಿದ ಮುದುಕಿ ಬೆಳ್ಳಿ ಆ ಸಂಕಟದ ನಡುವೆಯೂ ಒಳಗಿನಿಂದಲೇ ಕೂಗಿ ಹೇಳಿದ್ದಳಂತೆ: “ಹ್ವಾಯ್, ಕಾಲ್ ಮುಂದ್ ಬಂದಿತ್! ಇನ್ನ್ ಈ ಊರಂಗೆ ಯಾರ್ದೂ ಸ್ವಂಟ ಉಳ್ಕುದಿಲ್ಲೆ!”

ಕಾಲು ಮುಂದಾಗಿ ಹುಟ್ಟಿದವರು ಸೊಂಟಕ್ಕೆ ಒದ್ದರೆ ಉಳುಕು ಬಿಟ್ಟುಹೋಗುತ್ತದೆ ಎಂಬುದು ಕಡಲ ಕರೆಯ ಮನೆಮನೆಯ ನಂಬಿಕೆ. ಒದೆಯುವುದಕ್ಕೂ ಒಂದು ಕ್ರಮವಿದೆ. ನೋವಿದ್ದವರು ಬೆಳಿಗ್ಗೆ ಎದ್ದವರೇ ಯಾರ ಹತ್ತಿರವೂ ಮಾತಾಡದೆ ಬಂದು ಗೋಡೆಗೆ ಎರಡೂ ಕೈ ಕೊಟ್ಟು ನಿಲ್ಲಬೇಕು. ಒದೆಯುವವರು ಹಿಂದಿನಿಂದ ಬಂದು ಎಡಗಾಲಿನ ಅಂಗಾಲನ್ನು ನಡುವಿಗೆ ಊರಿ ಮೆಲ್ಲಗೆ ನೂಕಬೇಕು. ಮುತ್ತು ಇದರ ಕೊನೆಗೆ ತನ್ನದೇ ಒಂದು ಮಾತು ಸೇರಿಸಿಕೊಂಡಿದ್ದಳು. “ಆಯ್ತ್. ಹೆದ್ರಬ್ಯಾಡಿ. ಹಿಂದ್ ತಿರ್ಗಿ ಕಾಣ್ದೆ ಬಾವಿಕಟ್ಟೆ ತನಕ ನಡ್ಕಂಡ್ ಹೋಯ್ ಬನ್ನಿ.” ಸೊಂಟ ಹಿಡಿದುಕೊಂಡು ಬಂದವರು ಕೈ ಬೀಸಿಕೊಂಡು ಹೋಗುತ್ತಿದ್ದರು.

ಲಂಗ ಹಾಕುವ ವಯಸ್ಸಿಗೇ ಶುರುವಾದ ಈ ಕೆಲಸ, ಮದುವೆಯಾಗಿ ದೋಣಿಯ ಮಂಜನ ಮನೆ ಸೇರಿದ ಮೇಲೂ ನಿಲ್ಲಲಿಲ್ಲ. ದೊಡ್ಡ ಮನೆಗಳ ಯಜಮಾನರೂ ಮುತ್ತುವಿನ ಕಾಲಿಗೆ ಬೆನ್ನು ಕೊಟ್ಟವರೇ. “ನನ್ನ್ ಒದೆ ತಿನ್ದೆ ಇದ್ದ ಗಂಡ್ಸ್ ಈ ಊರಂಗೆ ಒಬ್ರೇ, ನಮ್ಮನಿಯವ್ರ್,” ಎಂದು ಅವಳು ನಗುತ್ತಿದ್ದಳು. “ಅದೂ ಅವ್ರ್ ಸ್ವಂಟ ಗಟ್ಟಿ ಇಪ್ಪುದ್ಕ್ ಮಾತ್ರ.”

ಒದೆಯುವುದು ಪುಣ್ಯಕ್ಕೆ. ಹೊಟ್ಟೆಗೆ ಮೀನಿನ ಬುಟ್ಟಿ. ದೋಣಿ ಬಂದ ಕೂಡಲೇ ಮೀನು ಹಿಡಿದುಕೊಂಡು, ಹೆದ್ದಾರಿಗುಂಟ ನಡೆದು, ಒಳದಾರಿ ಹಿಡಿದು ಬಿಜೂರಿನ ಮನೆಗಳಿಗೆ ಹೋಗುವುದು ಅವಳ ದಿನದ ಸುತ್ತು. ಯಾವ ಮನೆಗೆ ಬೈಗೆ ಮೀನು, ಯಾವ ಮನೆಗೆ ಕಾಣೆ, ಯಾವ ಮನೆಯ ಬಸುರಿ ಸೊಸೆಯ ಬಾಯಿಗೆ ಚಟ್ಲಿ ಸಿಗಡಿ ರುಚಿಸುತ್ತದೆ, ಎಲ್ಲ ಅವಳಿಗೆ ಗೊತ್ತು. ಬುಟ್ಟಿ ಇಳಿಸಿದ ಮನೆಯಲ್ಲಿ ಒಂದು ಲೋಟ ನೀರು, ಒಂದಿಷ್ಟು ಸುದ್ದಿ, ಬೇಕಾದರೆ ಒಂದು ಒದೆ. ಹೀಗೆ ನಡೆದಿತ್ತು.

ಅವಳಿಗೊಂದು ಜಂಭವೂ ಇತ್ತು. ತುಂಬಿದ ಬುಟ್ಟಿಯನ್ನು ನೆಲದಿಂದ ತಲೆಗೇರಿಸಲು ಹೆಂಗಸರು ಒಬ್ಬರಿಗೊಬ್ಬರು ಕೈ ಕೊಡುತ್ತಾರೆ. ಮುತ್ತು ಕೈ ಕೇಳುವವಳಲ್ಲ. ಹಳೆ ಸೀರೆಯ ತುಂಡು ಸುತ್ತಿದ ಸಿಂಬಿಯನ್ನು ತಲೆಗಿಟ್ಟು, ನಡು ಬಗ್ಗಿಸಿ, ಬುಟ್ಟಿಯ ಅಂಚು ಹಿಡಿದು, ಸೊಂಟವನ್ನು ಒಂದು ಸಲ ಹೀಗೆ ತಿರುಪಿ ಎತ್ತಿದಳೆಂದರೆ ಬುಟ್ಟಿ ಹೋಗಿ ತಲೆಯ ಮೇಲೆ ಕೂತಿರುತ್ತಿತ್ತು. ಕಂಡವರು ಬಾಯಿ ಬಿಡಬೇಕು. ಒಳದಾರಿಗೆ ತಿರುಗುವಲ್ಲಿ ಒಂದು ಹೊರೆಕಲ್ಲು ಇತ್ತು: ನಿಲ್ಲಿಸಿದ ಎರಡು ಕಲ್ಲುಗಳ ಮೇಲೆ ಅಡ್ಡಕ್ಕೊಂದು ಚಪ್ಪಡಿ, ತಲೆಯೆತ್ತರ. ಹೊತ್ತವರು ಬಗ್ಗದೆಯೇ ತಲೆಯಿಂದ ಹೊರೆಯನ್ನು ಅದರ ಮೇಲೆ ಜಾರಿಸಿ ದಣಿವಾರಿಸಿಕೊಳ್ಳಲಿ ಎಂದು ಯಾವ ಕಾಲದಲ್ಲೋ ಯಾರೋ ಹಾಕಿಸಿದ್ದು. ಜೊತೆಗೆ ಬರುವ ನೆರೆಮನೆಯ ಸುಂದರಿ ಅಲ್ಲಿ ನಿಂತರೆ ಮುತ್ತು ನಿಲ್ಲುತ್ತಿರಲಿಲ್ಲ.

“ಅದ್ ಮುದ್ಕೀರಿಗೆ ಕಾಣ್, ಸುಂದ್ರಿ. ನೀನ್ ಬೇಕಾರೆ ಕೂಕೊ.”

“ಹೋಗ್ ಹೋಗ್. ನಿನ್ನ್ ಸ್ವಂಟ ಕಬ್ಬಿಣದ್ದ್.”

ರೈಲುದಾರಿಗೆ ಮಣ್ಣು ಬಿದ್ದು, ರೈಲು ಮಾತ್ರ ಇನ್ನೂ ಓಡಲು ಶುರುವಾಗದ ವರ್ಷ ಅದು, 1997. ಒಂದು ಬೆಳಿಗ್ಗೆ ಬಂಗಡೆ ರಾಶಿ ಬಿದ್ದಿತ್ತು. ಬಿಟ್ಟು ಹೋಗಲು ಮನಸ್ಸಾಗದೆ ಮುತ್ತು ಬುಟ್ಟಿಯ ಮೇಲೆ ಗೋಪುರ ಕಟ್ಟಿದಳು. ಬಗ್ಗಿದಳು, ತಿರುಪಿದಳು. ಬುಟ್ಟಿ ಏರಿತು. ಆದರೆ ಒಳಗೆಲ್ಲೋ ಒದ್ದೆ ಹಗ್ಗ ಕಿತ್ತ ಹಾಗಾಯಿತು. ಕಣ್ಣ ಮುಂದೆ ಕಡಲೂ ಇಲ್ಲ, ಕರೆಯೂ ಇಲ್ಲ. ಹಾಗೇ ತುಟಿ ಕಚ್ಚಿ ಬಿಜೂರಿಗೆ ಹೋಗಿ ಬಂದಳು. ಮರುದಿನ ಹಾಸಿಗೆಯಿಂದ ಏಳಲು ಗೋಡೆ ಹಿಡಿಯಬೇಕಾಯಿತು.

ಈಗ ಕೇಳಿ ಅವಳ ಕಷ್ಟ. ಊರವರ ಸೊಂಟಕ್ಕೆ ಮುತ್ತು ಒದೆಯುತ್ತಾಳೆ. ಮುತ್ತುವಿನ ಸೊಂಟಕ್ಕೆ ಯಾರು ಒದೆಯಬೇಕು? ಅವಳದೇ ಕಾಲು ಅವಳ ಬೆನ್ನಿಗೆ ಮುಟ್ಟುವುದಿಲ್ಲವಲ್ಲ. ಹೇಳಿಕೊಳ್ಳುವಂತೆಯೂ ಇಲ್ಲ. ಒದೆಯುವವಳ ಸೊಂಟವೇ ಹೋಯಿತಂತೆ ಎಂದರೆ ನಾಳೆಯಿಂದ ಅವಳ ಕಾಲಿಗೆ ಯಾರು ಬೆನ್ನು ಕೊಟ್ಟಾರು?

ಮುಚ್ಚಿಟ್ಟಳು. ಒಂದೆರಡು ತಿಂಗಳಲ್ಲ, ವರ್ಷಗಟ್ಟಲೆ. ನೋವು ಬರುವುದು, ಹೋಗುವುದು. ಹೋದಾಗ ಮತ್ತೆ ಅದೇ ಬುಟ್ಟಿ, ಅದೇ ತಿರುಪು. ಬರಬರುತ್ತಾ ಬಂದ ನೋವು ಹೆಚ್ಚು ದಿನ ಕೂರತೊಡಗಿತು. ಬೇರೆಯವರಿಗೆ ಒದೆಯಲು ಎಡಗಾಲು ಎತ್ತಿ ಬಲಗಾಲಿನ ಮೇಲೆ ನಿಂತಾಗ ಅವಳಿಗೇ ಜೀವ ಹೋಗುತ್ತಿತ್ತು. ಗೋಡೆಗೆ ಮುಖ ಮಾಡಿ ನಿಂತವರಿಗೆ ಅದು ಕಾಣುತ್ತಿರಲಿಲ್ಲ, ಅಷ್ಟೇ.

ಸುಂದರಿಗೆ ಕಂಡಿತು. ಒಂದು ದಿನ ಹೊರೆಕಲ್ಲಿನ ಹತ್ತಿರ ಅಡ್ಡಗಟ್ಟಿದಳು.

“ಹೆಣೆ, ನಿಂಗ್ ಸ್ವಂಟ ನೋವಿತ್ತ್.”

“ಯಾರ್ ಹೇಳ್ದ್?”

“ನಿನ್ನ್ ಮೋರಿ ಹೇಳ್ತ್. ನೀನ್ ನಡುದ್ ಕಂಡ್ರೆ ಏಡಿಗೂ ನಗಿ ಬತ್ತ್. ಕೊಡೇರಿ ಗುಡ್ಡನ್ ಹತ್ರ ಹೋಯ್ ಬಾ. ಅವ್ನೂ ಕಾಲ್ ಮುಂದಾಯ್ ಹುಟ್ಟಿದ್ದಲ್ದಾ?”

ಕೊಡೇರಿಯ ಗುಡ್ಡ ಎಂದರೆ ಬಲೆ ಎಳೆಯುವ ಆಳು, ಹೆಸರಿಗೆ ತಕ್ಕ ಮೈ. ಮುತ್ತುವಿಗೂ ಅವನಿಗೂ ಮೊದಲಿಂದ ಪೈಪೋಟಿ. “ಮುತ್ತಕ್ಕನ್ ಕಾಲಂಗೆ ಎಂತದೂ ಇಲ್ಲೆ, ಮೀನ್ ವಾಸ್ನಿಗೇ ಉಳ್ಕ್ ಓಡಿ ಹೋತ್ತ್,” ಎಂದು ಅವನು. “ಗುಡ್ಡನ್ ಒದೆ ತಿಂದವ್ರ್ ನಡುದಲ್ಲ, ಹಾರುದ್,” ಎಂದು ಇವಳು. ಅಂಥವನ ಬಾಗಿಲಿಗೆ ಹೋಗುವುದೆಂದರೆ ಸಾವು. ಆದರೆ ನೋವಿಗೆ ಮಾನ ಎಲ್ಲಿಯದು? ಒಂದು ನಸುಕಿನಲ್ಲಿ ಸೆರಗನ್ನು ಮುಖದ ತುಂಬ ಎಳೆದುಕೊಂಡು, ಮಾತಾಡದೆ ಹೋಗಿ ಅವನ ಮನೆಯ ಗೋಡೆಗೆ ಕೈಕೊಟ್ಟು ನಿಂತಳು.

ಗುಡ್ಡ ಹಲ್ಲುಜ್ಜುತ್ತಾ ಬಂದವನು ಮೂಗು ಅರಳಿಸಿದ. “ಸೆರ್ಗ್ ಮುಚ್ಚಿರೆ ವಾಸ್ನಿ ಮುಚ್ಚುಕಾತ್ತಾ, ಮುತ್ತಕ್ಕ?”

ಮುತ್ತು ಗೋಡೆಗೇ ಹೇಳಿದಳು: “ಬಾಯ್ ಮುಚ್ಕಂಡ್ ಒದಿ, ಮಾರಾಯಾ.”

ಒದ್ದ. ಅಷ್ಟು ವರ್ಷದ ಪೈಪೋಟಿಯೆಲ್ಲ ಆ ಕಾಲಿಗೆ ಇಳಿದಿತ್ತೋ ಏನೋ. ಮುತ್ತು ಗೋಡೆಗೆ ಬಡಿದು ಕೆಳಗೆ ಕುಸಿದಳು. ಸೊಂಟದಿಂದ ಎಡಗಾಲಿನ ಹೆಬ್ಬೆರಳ ತನಕ ಕಾದ ಕಂಬಿ ಎಳೆದ ಹಾಗೆ ಉರಿ. ಎದ್ದು ನಿಂತರೆ ಊರಿಗೆಲ್ಲ ಮದ್ದಾಗಿದ್ದ ಆ ಎಡಗಾಲು ಜೋಮು ಹಿಡಿದು, ನೆಲ ಎಲ್ಲಿದೆ ಎಂದೇ ಅದಕ್ಕೆ ತಿಳಿಯಲಿಲ್ಲ. ಗುಡ್ಡನ ನಗು ಹಾರಿಹೋಯಿತು. ಅವನೇ ರಿಕ್ಷಾ ತಂದು, ದಾರಿಯುದ್ದಕ್ಕೂ “ನಾನ್ ಮೆಲ್ಲಗೇ ಒದ್ದದ್, ಮುತ್ತಕ್ಕ, ಸತ್ಯ ಮೆಲ್ಲಗೇ,” ಎನ್ನುತ್ತಾ ಮನೆಗೆ ಮುಟ್ಟಿಸಿದ.

ಕುಂದಾಪುರದ ಡಾಕ್ಟರು ಎಕ್ಸ್‌ರೇ ತೆಗೆಸಿದರು. ಕಾಲೆತ್ತಿಸಿದರು, ಬೆರಳು ಆಡಿಸಲು ಹೇಳಿದರು, ಮೂತ್ರ ಸರಿ ಹೋಗುತ್ತದೆಯೇ, ತೊಡೆಯ ಸಂದಿಯಲ್ಲಿ ಜೋಮು ಇದೆಯೇ ಎಂದು ವಿಚಾರಿಸಿದರು. “ಅದೆಲ್ಲ ಸರಿ ಇತ್ತ್, ಹಾಂಗಾರೆ ಹೆದ್ರುದ್ ಬೇಡ. ಅದ್ರಂಗೆ ಏನಾರೂ ತಪ್ಪಿರೆ, ಕಾಲಿನ ಬಲ ಕಡ್ಮಿ ಆಯ್ತಾ ಬಂದ್ರೆ, ಒಂದ್ ದಿನವೂ ಕಾಯ್ದೆ ಬನ್ನಿ. ಬೆನ್ನಿನ ಡಿಸ್ಕ್ ಸವೆದಿತ್ತ್, ಅದ್ ನರಕ್ಕೆ ತಾಗಿತ್ತ್. ಈಗ ಆಪರೇಷನ್ ಬೇಡ. ಮಾತ್ರೆ ತಕಣಿ, ಎರಡ್ ದಿನ ಸುಧಾರ್ಸ್ಕಂಡ್ ಓಡಾಡುಕೆ ಶುರು ಮಾಡಿ. ವ್ಯಾಯಾಮ ಕಲಿಸುಕೆ ಬ್ರಹ್ಮಾವರದಂಗೆ ಶ್ರೀಲತಾ ಅಂತ ಒಬ್ರ್ ಇದ್ರ್, ಅವ್ರ್ ಹತ್ರ ಹೋಯ್ನಿ.”

ಇಷ್ಟು ಉದ್ದದ ಮಾತಿನಲ್ಲಿ ಮುತ್ತುವಿನ ಕಿವಿಗೆ ಬಿದ್ದದ್ದು ಒಂದೇ ಶಬ್ದ: ಸವೆದಿದೆ.

“ಚಪ್ಲಿ ಸವೆದ್ರೆ ಬಿಸಾಡ್ತ್ರ್,” ಎಂದಳು ಗಂಡನಿಗೆ. “ಸ್ವಂಟ ಸವೆದ್ರೆ ಎಂತ ಮಾಡುದ್?”

ಮಂಜ ಮಾತಿನವನಲ್ಲ. ಹಳೆ ದೋಣಿಯ ಹಲಗೆಯೊಂದನ್ನು ತಂದು ಚಾಪೆ ಹಾಸಿಕೊಟ್ಟ. ಎರಡು ದಿನ ಎಂದು ಮಲಗಿದವಳು ತಿಂಗಳುಗಳಾದರೂ ಏಳಲೇ ಇಲ್ಲ. ಅಲ್ಲಾಡಿದರೆ ಇದ್ದದ್ದೂ ಸವೆದೀತು ಎಂಬ ಹೆದರಿಕೆ. ನೋಡಲು ಬಂದವರೂ ಅದನ್ನೇ ಹೇಳಿದರು: ಏಳಬೇಡ, ಬಗ್ಗಬೇಡ, ಮಗ್ಗುಲು ತಿರುಗಬೇಡ. ಮಲಗಿ ಮಲಗಿ ಕಾಲು ಕಡ್ಡಿಯಾಯಿತು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಮೈ ಬೆವರುತ್ತಿತ್ತು. ನೋವು ಮಾತ್ರ ಮೈ ತುಂಬಿಕೊಂಡು ದಷ್ಟಪುಷ್ಟವಾಯಿತು.

ಬಿಜೂರಿನ ಸುತ್ತನ್ನು ಸುಂದರಿ ತನ್ನದರ ಜೊತೆಗೆ ನೋಡಿಕೊಳ್ಳುತ್ತಿದ್ದಳು. ಬೇಸಗೆಯ ಕೊನೆಗೆ ಒಂದು ಸಂಜೆ ಬಂದು ಹಲಗೆಯ ಹತ್ತಿರ ಕೂತಳು.

“ಮುತ್ತೂ, ಬೇಜಾರ್ ಮಾಡ್ಕಣ್ಬ್ಯಾಡ. ಬಿಜೂರಿಗೆ ಈಗ ಬೈಕಂಗೆ ಮೀನ್ ಬತ್ತ್. ಪೆಟ್ಟಿ ಕಟ್ಕಂಡ್, ಪೋಂಯ್ ಪೋಂಯ್ ಅಂತ ಹಾರ್ನ್ ಹಾಕಂಡ್. ನಾ ಹೋಪ ಹೊತ್ತಿಗೆ ಎಲ್ರ್ ಮನಿಯಂಗೂ ಒಲಿ ಮೇಲೆ ಮೀನ್ ಇರ್ತ್. ಎರಡ್ ಸುತ್ತ್ ನಂಗ್ ಎಳೂಕೂ ಆತಿಲ್ಲೆ. ಮಳಿ ಕಳ್ದ್ ದೋಣಿ ಇಳುವತಿಗೆ ನೀನ್ ಬಪ್ಪುದಾದ್ರೆ ಹೇಳ್. ಇಲ್ದಿರೆ ಬಿಜೂರ್ ಬಿಟ್ಟ್ ಬಿಡ್ತೆ.”

ಮುತ್ತು ಮಾಡಿನ ಕಡೆ ನೋಡುತ್ತಾ ಮಲಗಿದ್ದಳು. ಬಿಜೂರು ಬಿಡುವುದೆಂದರೆ ಅವಳಿಗೆ ಬರೀ ದಾರಿ ಬಿಡುವುದಲ್ಲ. ಆ ಮನೆಗಳ ಅಂಗಳ, ಆ ಬಾವಿಕಟ್ಟೆಗಳು, ‘ಮುತ್ತೂ’ ಎಂಬ ಕೂಗು, ಅವಳು ಅವಳಾಗಿದ್ದದ್ದೇ ಅಲ್ಲಿ.

“ಬಿಡ್‌ಬ್ಯಾಡ,” ಎಂದಳು. “ದೋಣಿ ಇಳುವತಿಗೆ ನಾನೇ ಬತ್ತೆ. ಅಲ್ಲಿ ತನಕ ಹ್ಯಾಂಗಾರೂ ಮಾಡಿ ಕಾಯ್ಕೊ.”

ಮರುದಿನವೇ ಮಂಜನನ್ನು ಕಟ್ಟಿಕೊಂಡು ಬಸ್ಸು ಹತ್ತಿದಳು. ಕುಂದಾಪುರದಲ್ಲಿ ಇಳಿದು, ಚೂರು ಅಡ್ಡಾಡಿ, ಬೇರೆ ಬಸ್ಸಿನಲ್ಲಿ ಬ್ರಹ್ಮಾವರ. ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಶ್ರೀಲತಾ ಎಂಬ ಫಿಸಿಯೋಥೆರಪಿಯವರು. ಎಳೆ ಪ್ರಾಯ, ಗಟ್ಟಿ ಕೈ, ಬಾಯಿ ತುಂಬ ಮಾತು. ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ ಬದಿಗಿಟ್ಟವರು, ಮುತ್ತು ಸೊಂಟಕ್ಕೆ ಸಿಕ್ಕಿಸಿಕೊಂಡ ಬಟ್ಟೆ ಸುರುಳಿಯನ್ನು ಕಂಡು, “ಅದ್ ಎಂತ, ಮುತ್ತಕ್ಕ?” ಎಂದರು.

“ಸಿಂಬಿ.”

“ಬುಟ್ಟಿ ಇಲ್ದೆ ಸಿಂಬಿ ಎಂತಕೆ?”

“ಅಭ್ಯಾಸ, ಡಾಕ್ಟ್ರಮ್ಮ. ಇದ್ ಇಲ್ದಿರೆ ಸೀರಿ ಉಟ್ಟಾಂಗೇ ಆತಿಲ್ಲೆ.”

ಶ್ರೀಲತಾ ಅದನ್ನು ಇಸಕೊಂಡು ಬೆರಳಿನಲ್ಲಿ ಒತ್ತಿ ನೋಡಿದರು. “ಹೊಸ್ತರಂಗೂ ಇಷ್ಟೇ ಚಪ್ಪಟೆ ಇದ್ದಿತ್ತಾ?”

“ಎಲ್ಲಿ! ಹೊಸ್ತರಂಗೆ ಉಬ್ಬಿ, ಮೆತ್ತಗ್ ಇರ್ತ್. ಹೊತ್ತ್ ಹೊತ್ತ್ ಹಪ್ಳ ಆಪುದ್.”

“ಕಾಣಿ, ಬೆನ್ನಿನ ಮೂಳೆ ಮೂಳೆ ಮಧ್ಯೆಯೂ ಇಂಥದ್ದೇ ಸಿಂಬಿ ಇತ್ತ್. ಅದ್ರಂಗೆ ನೀರಿನ ಪಸೆ ಇರ್ತ್, ಅದ್ಕೇ ಮೆತ್ತಗೆ. ಪ್ರಾಯ ಆದಾಂಗೆ, ಹೊರೆ ಬಿದ್ದಾಂಗೆ ಪಸೆ ಕಡ್ಮಿ ಆಯ್ತಾ ಬತ್ತ್, ದಪ್ಪ ಇಳಿತ್ತ್. ಡಾಕ್ಟ್ರ್ ಸವೆದಿತ್ತ್ ಅಂದದ್ ಅದನ್ನೇ. ನಿಮ್ದ್ ಕೆಳಗಿಂದ್ ಹಪ್ಳ ಆಯ್ತ್, ಒಂದ್ ಬದಿಗ್ ಉಬ್ಬಿ ಕಾಲಿಗ್ ಹೋಪ ನರಕ್ಕೆ ತಾಗ್ತ್. ಅದ್ಕೇ ಸ್ವಂಟದ್ ನೋವ್ ಬೆರಳಿಗ್ ಓಡ್ದ್.”

“ಹೊಸ ಸಿಂಬಿ ಹಾಕುಕೆ ಆತ್ತಾ?”

“ಅದ್ ಆತಿಲ್ಲೆ. ಆದ್ರೆ ನೀವ್ ಒಂದ್ ಹೇಳಿ. ಸಿಂಬಿ ಚಪ್ಪಟೆ ಆಯ್ತ್ ಅಂತ ಮಂಡೆ ಬಿಸಾಡ್ತ್ರಾ?”

ಮುತ್ತುವಿಗೆ ನಗು ಬಂತು, ನಕ್ಕರೆ ಸೊಂಟ ಚುಚ್ಚಿತು. “ಅಯ್ಯೋ, ನಗ್ಸ್‌ಬ್ಯಾಡಿ.”

“ಮತ್ತೆ ಎಂತ ಮಾಡ್ತ್ರಿ?”

“ಎಂತ ಮಾಡುದ್? ಬುಟ್ಟಿ ಚೂರ್ ಹಗ್ರ ಮಾಡುದ್. ಕುತ್ಗಿ ನೆಟ್ಟಗ್ ಹಿಡುದ್. ಕೈ ಕೊಟ್ಕಂಡ್ ನಡುದ್.”

“ಅಷ್ಟೇ ಮದ್ದ್. ಹೊಟ್ಟೆದ್ದ್, ಬೆನ್ನಿಂದ್, ತೊಡಿದ್ ಮಾಂಸಖಂಡ ಇತ್ತಲ್ದಾ, ಅದೇ ಆ ಕೈ. ನೀವ್ ಹಲ್ಗಿ ಮೇಲೆ ಮನಿಕಂಡ್ ಮನಿಕಂಡ್ ಆ ಕೈಯನ್ನೇ ಬತ್ಸಿಬಿಟ್ರಿ. ನಿಮ್ಮ ಪ್ರಾಯದವ್ರದ್ ಸುಮಾರ್ ಜನ್ರ್ ಎಕ್ಸ್‌ರೇ ಹೀಂಗೇ ಇರ್ತ್, ಅವ್ರಂಗೆ ಎಷ್ಟೋ ಜನಕ್ಕೆ ನೋವೇ ಇಲ್ಲೆ. ಸವೆದದ್ ಅಂದ್ರೆ ಮುರ್ದದ್ ಅಲ್ಲ, ಮುತ್ತಕ್ಕ.”

ಮುತ್ತುವಿಗೆ ಕೇಳಬೇಕಾದ ಮಾತು ಇನ್ನೊಂದಿತ್ತು. ಮಂಜನನ್ನು ನೀರು ಕುಡಿದು ಬನ್ನಿ ಎಂದು ಹೊರಗೆ ಕಳಿಸಿ, ತನ್ನ ಹುಟ್ಟು, ತನ್ನ ಎಡಗಾಲು, ಗುಡ್ಡನ ಒದೆ, ಎಲ್ಲ ಹೇಳಿದಳು. ಕೊನೆಗೆ ಕೇಳಿದಳು: “ಅಷ್ಟ್ ಜನ ಗುಣ ಆಯ್ತ್ ಅಂತ ಹೋಯ್ರಲ್ದಾ? ಹಾಂಗಾರೆ ನನ್ನ್ ಕಾಲ್ ಸುಳ್ಳಾ?”

ಶ್ರೀಲತಾ ಸಿಂಬಿಯನ್ನು ಅವಳ ಕೈಗೇ ಕೊಟ್ಟರು. “ಸಾಮಾನ್ಯ ಉಳ್ಕ್ ಸ್ವಲ್ಪ ದಿನಕ್ಕೆ ತನ್ನಿಂದ ತಾನೇ ಬಿಡ್ತ್. ಆದ್ರೆ ಮೆಲ್ಲ ಒದ್ರೂ ಕೆಲವ್ರಿಗೆ ತೊಂದ್ರೆ ಆಪುದಿತ್ತ್. ಅದ್ ಇನ್ನ್ ಬೇಡ. ಒಂದ್ ಹೇಳಿ, ಒದ್ದ್ ಆದ್ಮೇಲೆ ನೀವ್ ಎಂತ ಹೇಳ್ತ್ರಿ?”

“ಹೆದ್ರಬ್ಯಾಡಿ, ಬಾವಿಕಟ್ಟೆ ತನಕ ನಡ್ಕಂಡ್ ಹೋಯ್ ಬನ್ನಿ, ಅಂತ.”

“ಅದೇ ಮದ್ದ್! ನಾನ್ ಓದಿ ಕಲ್ತದ್ದೂ ಅದೇ. ಊರಿಗೆಲ್ಲ ಅದನ್ನ್ ಹೇಳ್ದವ್ರ್ ನೀವ್ ನಿಮ್ಗೇ ಯಾಕ್ ಹೇಳ್ಕಣ್ಲಿಲ್ಲೆ?”

ಆ ದಿನ ನಾವುಂದದಲ್ಲಿ ಬಸ್ಸಿಳಿದ ಮುತ್ತು ಮನೆಗೆ ಬಂದು, ಹಲಗೆಯನ್ನು ಕಂಡು, “ಇದನ್ನ್ ಒಲಿಗ್ ಹಾಕಿ,” ಎಂದಳು. ಮತ್ತೆ ಅಂಗಳದ ಮಧ್ಯೆ ನಿಂತು ತನ್ನಷ್ಟಕ್ಕೆ ಜೋರಾಗಿಯೇ ಹೇಳಿದಳು: “ಹೆದ್ರಬ್ಯಾಡ. ಬಾವಿಕಟ್ಟೆ ತನಕ ಹೋಯ್ ಬಾ.” ಹೋದಳು. ಬಂದಳು. ಬೆವರಿದಳು. ಸಂಜೆ ಮತ್ತೊಮ್ಮೆ ಹೋದಳು.

ಕ್ರಮೇಣ ಬಾವಿಕಟ್ಟೆ ಹಿಂದೆ ಬಿತ್ತು, ಕಡಲ ಕರೆ ಬಂತು. ನೀರು ತಾಗಿ ಗಟ್ಟಿಯಾದ ಮರಳಿನ ಮೇಲೆ ದಿನಾ ನಡಿಗೆ. ಮನೆಯಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ, ಸೊಂಟವನ್ನು ಸೇತುವೆಯ ಹಾಗೆ ಎತ್ತಿ ಹಿಡಿಯುವುದು. ಮಂಜ ಬಾಗಿಲಲ್ಲಿ ನಿಂತು ನೋಡಿ, “ಎಂತ ಹೆಣೆ ಇದ್, ಮರವಂತೆ ಸೇತ್ವಿಯಾ?” ಎಂದ. “ಹೌದ್, ನಿಮ್ಗ್ ಬೇಕಾರೆ ಅಡಿಯಂಗೆ ದೋಣಿ ಬಿಡಿ,” ಎಂದಳು. ಭಾರ ಎತ್ತುವುದನ್ನು ಅವಳು ಮಗುವಿನ ಹಾಗೆ ಮತ್ತೆ ಕಲಿತಳು. ಬೆನ್ನು ಬಗ್ಗಿಸುವುದಲ್ಲ, ಮೊಣಕಾಲು ಮಡಚಿ ಕುಕ್ಕರಿಸಿ, ಭಾರವನ್ನು ಮೈಗೆ ತಾಗಿಸಿಕೊಂಡು ಏಳುವುದು. ಎತ್ತುವಾಗ ತಿರುಪುವುದಲ್ಲ, ಪಾದ ಸಮೇತ ತಿರುಗುವುದು. ಮೊದಲು ಖಾಲಿ ಬುಟ್ಟಿ, ಆಮೇಲೆ ತೆಂಗಿನಕಾಯಿ ಹಾಕಿದ ಬುಟ್ಟಿ.

ಮಳೆ ಹಿಡಿದು ಸ್ವಲ್ಪ ಸಮಯಕ್ಕೆ ಒಂದು ಬೆಳಿಗ್ಗೆ ನೋವು ಹಳೆ ಜೋರಿನಲ್ಲೇ ಎದ್ದಿತು. ಮುತ್ತು ಗೋಡೆ ಹಿಡಿದು ಅತ್ತೇ ಬಿಟ್ಟಳು. ಆಗಿನ ಕಾಲಕ್ಕೆ ಫೋನ್ ಬೂತು. ಮಂಜ ಹೋಗಿ ಬ್ರಹ್ಮಾವರಕ್ಕೆ ಮಾತಾಡಿ ಬಂದ.

“ಎಂತ ಹೇಳ್ತ್ರ್?”

“ಕಾಲಿನ ಬಲ ಸರಿ ಇತ್ತಾ, ಮೂತ್ರ ಸರಿ ಇತ್ತಾ ಕೇಳ್ರ್. ಇತ್ತ್ ಅಂದೆ. ಹಾಂಗಾರೆ ಕಡಲಿಗೆ ತೂಫಾನ್ ಬಂದಾಂಗೆ ಇದ್, ಬತ್ತ್, ಹೋತ್ತ್, ಕಡ್ಲ್ ಒಡುದಿಲ್ಲೆ ಅಂದ್ರ್. ಬಿಸಿ ಶಾಖ ಕೊಡಿ, ನಡಿಗಿ ಚೂರ್ ಕಡ್ಮಿ ಮಾಡಿ, ನಿಲ್ಸ್‌ಬ್ಯಾಡಿ ಅಂದ್ರ್.” ಮಂಜ ಇಷ್ಟು ಉದ್ದ ಮಾತಾಡಿದ್ದು ಮದುವೆಯಾದ ಮೇಲೆ ಅದೇ ಮೊದಲು. ಮುತ್ತು ಕಣ್ಣೊರೆಸಿಕೊಂಡು ಬಾವಿಕಟ್ಟೆಗೆ ಹೋಗಿ ಬಂದಳು. ವಾರ ಕಳೆಯುವಷ್ಟರಲ್ಲಿ ತೂಫಾನು ಇಳಿಯಿತು. ಆ ತೂಫಾನು ಅವಳಿಗೆ ಒಳ್ಳೆಯದನ್ನೇ ಮಾಡಿತು. ನೋವಿನ ಮೋರೆ ನೋಡಿ ಹೆದರುವುದು ಅಂದಿಗೆ ಬಿಟ್ಟಿತು.

ಉಳಿದದ್ದು ಜಂಭ. ಅದನ್ನು ಇಳಿಸುವುದು ಬುಟ್ಟಿ ಇಳಿಸುವುದಕ್ಕಿಂತ ಕಷ್ಟವಾಯಿತು. ಒಂದು ದಿನ ಅವಳೇ ಮಂಜನಿಗೆ ಕತ್ತಿ ಹಿಡಿಸಿ ಒಳದಾರಿಗೆ ಕರೆದುಕೊಂಡು ಹೋದಳು. ಹೊರೆಕಲ್ಲು ಮಳೆಗೆ ಹಬ್ಬಿದ ಬಳ್ಳಿಯೊಳಗೆ ಮುಚ್ಚಿಹೋಗಿತ್ತು. ಹೊತ್ತು ನಡೆಯುವವರೇ ಕಡಿಮೆಯಾಗಿದ್ದರು. ಬಳ್ಳಿ ಸವರಿದರು, ಚಪ್ಪಡಿಯ ಪಾಚಿ ಕೆರೆದರು. ಮನೆಯ ಅಂಗಳದಲ್ಲೂ ಮಂಜ ಕೆಂಪು ಮುರಕಲ್ಲು ಕಟ್ಟಿ ಅಂಥದ್ದೇ ಒಂದು ಎತ್ತರದ ಕಟ್ಟೆ ಎಬ್ಬಿಸಿದ. ಕರೆಯಿಂದ ತಂದ ಬುಟ್ಟಿಯನ್ನು ಅದರ ಮೇಲಿಟ್ಟರೆ ತಲೆಗೇರಿಸಲು ನೆಲಕ್ಕೆ ಬಗ್ಗುವ ಕೆಲಸವೇ ಇಲ್ಲ; ಅಲ್ಲಿಂದ ನೇರ ತಲೆಗೆ.

ಮಳೆಗಾಲ ಕಳೆದು ದೋಣಿಗಳು ಇಳಿದವು. ಆ ಬೆಳಿಗ್ಗೆ ಕರೆಯಲ್ಲಿ ಬೈಗೆ ಮಿರಿಮಿರಿ ಮಿಂಚುತ್ತಿತ್ತು. ಮುತ್ತು ಬುಟ್ಟಿಗೆ ಅರ್ಧ ತುಂಬಿಸಿದಳು. ಮನಸ್ಸು ಇನ್ನಷ್ಟು ಎಂದಿತು. ಕೈ ಸಾಕು ಎಂದಿತು. ನಂತರ ಎಲ್ಲರೂ ನೋಡುತ್ತಿದ್ದ ಹಾಗೆ, ಹುಟ್ಟಿದಾರಭ್ಯ ಹೇಳದ ಒಂದು ಮಾತನ್ನು ಗಟ್ಟಿಯಾಗಿ ಹೇಳಿದಳು:

“ಹ್ವಾಯ್ ಸುಂದ್ರಿ, ಕಟ್ಟೆ ತನಕ ಒಂದ್ ಕೈ ಹಿಡಿ ಕಾಂಬ.”

ಕರೆಯಲ್ಲಿದ್ದ ಹೆಂಗಸರು ಮೀನು ಬಿಟ್ಟು ತಲೆಯೆತ್ತಿದರು. ಸುಂದರಿ ಎರಡೂ ಕೈ ಹಿಡಿದಳು. “ಎಂತ ಹೇಳ್ದೆ? ಇನ್ನೊಂದ್ ಸರ್ತಿ ಹೇಳ್, ಕೇಂಬುಕ್ ಚಂದ ಆತ್ತ್.”

“ಹೆಚ್ಚ್ ಆಡ್‌ಬ್ಯಾಡ, ಹಿಡಿ!”

ಅಂಗಳದ ಕಟ್ಟೆಯಿಂದ ಬುಟ್ಟಿ ತಲೆಗೆ ಬಂತು. ಹೊಸ ಸಿಂಬಿ, ಮೆತ್ತಗಿನದು. ಇಬ್ಬರೂ ಹೆದ್ದಾರಿಗುಂಟ ಹೊರಟರು. ಬೆಳಗಿನ ಬಿಸಿಲು, ಬಸ್ಸುಗಳ ಧೂಳು, ಬಲಗಡೆ ದೂರದಲ್ಲಿ ರೈಲಿನ ಕೂಗು. ಒಳದಾರಿಗೆ ತಿರುಗುವಷ್ಟರಲ್ಲಿ ಸೊಂಟದಲ್ಲಿ ಸಣ್ಣಗೆ ಮಾತು ಶುರುವಾಗಿತ್ತು. ಮುತ್ತು ಹೊರೆಕಲ್ಲಿಗೆ ಹೋಗಿ, ತಲೆ ಚೂರು ಓರೆ ಮಾಡಿ ಬುಟ್ಟಿಯನ್ನು ಚಪ್ಪಡಿಗೆ ಜಾರಿಸಿದಳು. ಎಷ್ಟು ಹಗುರ! ಇಷ್ಟು ವರ್ಷ ಇದನ್ನು ಬಿಟ್ಟು ನಡೆದವಳು ತಾನೇನಾ ಎಂದು ಅವಳಿಗೇ ನಗು ಬಂತು.

ಕಲ್ಲಿನ ಆಚೆ ಬದಿಯಿಂದ ನರಳಾಟ ಕೇಳಿತು. ಬಗ್ಗಿದ ಬೆನ್ನು ನೆಟ್ಟಗೆ ಮಾಡಲಾಗದೆ, ಕೋಲೂರಿಕೊಂಡು ನಿಂತವನು ಗುಡ್ಡ.

“ಮುತ್ತಕ್ಕ,” ಎಂದ, ನೆಲ ನೋಡಿಕೊಂಡೇ. “ನೀನ್ ಇವತ್ತ್ ಈ ದಾರಿಯಂಗೆ ಬತ್ತಿ ಅಂತ ಕೇಂಡೆ. ನಿನ್ನೆ ಬಲಿ ಎಳುವತಿಗೆ ಹಿಡಿತ್. ಒಂದ್ ಒದೆ ಕೊಡ್. ನಾನ್ ಕೊಟ್ಟದ್ಕಿಂತ ಜೋರ್ ಕೊಟ್ರೂ ಅಡ್ಡಿಲ್ಲೆ.”

ಸುಂದರಿ ಕೈ ಚಪ್ಪಾಳೆ ತಟ್ಟಿ ನಕ್ಕಳು. “ಬಿಡ್‌ಬ್ಯಾಡ ಮುತ್ತೂ! ಕೊಡೇರಿ ತನಕ ಹಾರ್ಕ್ ಅವ್ನ್!”

ಗುಡ್ಡ ಹೊರೆಕಲ್ಲಿಗೆ ಕೈಕೊಟ್ಟು, ಬೆನ್ನು ಕೊಟ್ಟು, ಕಣ್ಣು ಮುಚ್ಚಿ ನಿಂತ. ಮುತ್ತು ಹಿಂದೆ ಬಂದು ನಿಂತಳು. ಅವಳ ಎಡಗಾಲಿಗೆ ಈಗ ನೆಲ ಚೆನ್ನಾಗಿ ಗೊತ್ತಿತ್ತು. ಮನಸ್ಸು ಮಾಡಿದ್ದರೆ ಏಳುತ್ತಿತ್ತು. ಅವಳು ಅಂಗೈಯನ್ನು ಮೆಲ್ಲಗೆ ಅವನ ಬೆನ್ನ ಮೇಲೆ ಇಟ್ಟಳು.

“ಕಾಲಿಗ್ ನೋವ್ ಇಳಿತ್ತಾ?”

“ಇಲ್ಲೆ.”

“ಜೋಮ್?”

“ಇಲ್ಲೆ.”

“ಮೂತ್ರ?”

“ಅದ್ ಎಂತಕೆ ನಿಂಗ್?” ಗುಡ್ಡ ಕಣ್ಣು ಬಿಟ್ಟ. “ಸರಿ ಇತ್ತ್, ಮಾರಾಯ್ತಿ.”

“ಹಾಂಗಾರೆ ಆಯ್ತ್. ಹೆದ್ರಬ್ಯಾಡ. ಹಿಂದ್ ತಿರ್ಗಿ ಕಾಣ್ದೆ ನನ್ನ್ ಹಿಂದೆ ಬಾ.”

“ಬಾವಿಕಟ್ಟೆಗಾ?”

“ಬಿಜೂರಿಗೆ. ಸಾಕಾಯ್ತ್ ಅಂದಲ್ಲಿ ನಿಲ್. ಕೋಲ್ ಸುಂದ್ರಿಗ್ ಕೊಡ್.”

ಹೀಗೆ ಮುಂದೆ ಬುಟ್ಟಿ ಹೊತ್ತ ಮುತ್ತು, ಹಿಂದೆ “ಮೆಲ್ಲ ಹೋಗ್, ಮುತ್ತಕ್ಕ” ಎಂದು ಗೊಣಗುತ್ತಾ ಗುಡ್ಡ, ಕೊನೆಗೆ ಕೋಲು ಕುಟ್ಟುತ್ತಾ ಸುಂದರಿ. ಗದ್ದೆಯ ಜನ ಕೆಲಸ ನಿಲ್ಲಿಸಿ ನೋಡಿದರು. ಅರ್ಧ ದಾರಿಗೆ ಗುಡ್ಡನ ಬೆನ್ನು ಚೂರು ನೆಟ್ಟಗಾಯಿತು. ಗೊಣಗಾಟ ನಿಂತು ಹಾಡಾಯಿತು.

ಬಿಜೂರಿನಲ್ಲಿ ಮುತ್ತುವಿನ ಹಳೆ ಗಿರಾಕಿ ಅಮ್ಮಣ್ಣಿಯ ಮನೆ ಎದುರು ಮೀನಿನ ಬೈಕು ನಿಂತಿತ್ತು. ಪೆಟ್ಟಿ ತೆರೆದಿತ್ತು. ಅಮ್ಮಣ್ಣಿ ಪಾತ್ರೆ ಹಿಡಿದು ಅಂಗಳ ಇಳಿಯುತ್ತಿದ್ದರು. ತೆಂಗಿನ ತೋಟದ ಆಚೆಯಿಂದ, ಒಂದು ವರ್ಷದಿಂದ ಆ ಕೇರಿ ಕೇಳದ ಕೂಗು ಕೇಳಿತು:

“ಬೈಗೇಯ್... ಹಸಿ ಬೈಗೇಯ್...”

ಅಮ್ಮಣ್ಣಿ ಹಾಗೇ ನಿಂತರು. “ಮುತ್ತುವಿನ ಸ್ವರ ಅಲ್ದಾ ಅದ್?” ಬೈಕಿನವನ ಹತ್ತಿರ, “ಇವತ್ತ್ ಬೇಡ ಮಗಾ, ನಮ್ಮ ಮೀನ್ ಬಂತ್,” ಎಂದು ಗೇಟಿಗೇ ಓಡಿ ಬಂದರು. ತಾವೇ ಬುಟ್ಟಿಗೆ ಕೈಕೊಟ್ಟು ಜಗಲಿಯ ಎತ್ತರದ ಕಟ್ಟೆಗೆ ಇಳಿಸಿದರು. “ಸತ್ತಳಾ ಅಂತ ಮಾಡಿದ್ದೆ, ಮಾರಾಯ್ತಿ! ನೋವ್ ಪೂರಾ ಹೋಯ್ತಾ?”

ಮುತ್ತು ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ಹೋಯ್ಲಿಲ್ಲೆ, ಅಮ್ಮಾ. ಮೊದ್ಲ್ ಅದ್ ಮುಂದೆ, ನಾನ್ ಹಿಂದೆ. ಈಗ ನಾನ್ ಮುಂದೆ ಹೋತೆ, ಅದ್ ಬೇಕಾರೆ ಹಿಂದ್ ಬತ್ತ್.” ಗುಡ್ಡನ ಕಡೆ ಕಣ್ಣು ಹೊಡೆದಳು. “ಇವ್ನ್ ಹಾಂಗೆ.”

ಇದಾಗಿ ವರ್ಷಗಳು ಉರುಳಿದವು. ಸೊಂಟದವರು ಈಗಲೂ ನಸುಕಿಗೆ ಮುತ್ತಕ್ಕನ ಗೋಡೆಗೆ ಬಂದು ಕೈ ಕೊಡುತ್ತಾರೆ. ಅವಳು ಕಾಲೆತ್ತುವುದಿಲ್ಲ. ಪ್ರಶ್ನೆ ಕೇಳುತ್ತಾಳೆ, ಉತ್ತರ ಸರಿ ಬಾರದವರನ್ನು ಬೈದು ಕುಂದಾಪುರದ ಬಸ್ಸಿಗೆ ಹತ್ತಿಸುತ್ತಾಳೆ. ಉಳಿದವರನ್ನು ಕಡಲ ಕರೆಗೆ ಅಟ್ಟಿಕೊಂಡು ಹೋಗುತ್ತಾಳೆ. ಒದೆ ಸಿಗಲಿಲ್ಲವೆಂದು ಬೇಜಾರು ಮಾಡಿಕೊಂಡವರೂ ಇದ್ದಾರೆ. ಅಂಥವರಿಗೆ ಗುಡ್ಡ ಮುಂದೆ ಬಂದು ಹೇಳುತ್ತಾನೆ: “ಒದೆ ಬೇಕಾರೆ ನಾನ್ ಕೊಡ್ತೆ. ಆದ್ರೆ ನನ್ನ್ ಒದೆ ತಿಂದವ್ರ್ ಹಾರುದ್, ಕಾಣಿ. ನಡುದ್ ಕಲ್ಸುದ್ ಮುತ್ತಕ್ಕ ಮಾತ್ರ.”

ಬೆಳಗಿನ ಮರಳಿನ ಮೇಲೆ ಆ ಸಾಲು ಹೊರಡುತ್ತದೆ. ಎಲ್ಲರಿಗಿಂತ ಮುಂದೆ, ತಲೆಯ ಮೇಲೆ ಬುಟ್ಟಿ, ಕುತ್ತಿಗೆ ನೆಟ್ಟಗೆ, ಕೈ ಬೀಸಿಕೊಂಡು ಮುತ್ತಕ್ಕ. ಹೆಜ್ಜೆಯಲ್ಲಿ ಎಡಗಾಲೇ ಮೊದಲು.